ಬೆಚ್ಚಗಿದ್ದ ಮುನ್ನೂರ ನಲವತ್ತು

ನನ್ನ ಗಂಡ ಕ್ಯಾಸಿಮಿರ್ ವ್ರೋನಾ ಹಾಲನ್ನು ಮೂಸಿ ನೋಡದೆ ಕಾಫಿಗೆ ಹಾಕಿಕೊಂಡವನಲ್ಲ. ಚರ್ಚಿನಲ್ಲಿ ಪಾದ್ರಿಗಳು ಕೈಕುಲುಕಿ ಶಾಂತಿಯಿರಲಿ ಎಂದರೆ, ಈ ವಾರ ಇವರಿಗೆ ಏನು ಬೇಕಾಗಿದೆಯೋ ಎಂದು ನನ್ನ ಕಿವಿಯಲ್ಲಿ ಗೊಣಗುತ್ತಾನೆ. ತಪ್ಪು ಅವನದಲ್ಲ. ಡೆಟ್ರಾಯ್ಟ್‌ನ ಕಾರು ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಜೋಡಣೆಯ ಸಾಲಿನ ಕೊನೆಯಲ್ಲಿ ನಿಂತು, ಬಂದದ್ದರಲ್ಲೆಲ್ಲ ಹುಳುಕು ಹುಡುಕಿ ಸಂಬಳ ಎಣಿಸಿಕೊಂಡವನು. ನಿವೃತ್ತಿಯಾದ ಮೇಲೆ ಅವನ ಮುಂದೆ ಹಾದುಹೋಗಲು ಉಳಿದವಳು ನಾನೊಬ್ಬಳೇ.

ನಾನು ಹೈಸ್ಕೂಲಿನಲ್ಲಿ ನಾಟಕ ಕಲಿಸುತ್ತಿದ್ದೆ. ಹಾಗಾಗಿ ನಮ್ಮ ಸಂಸಾರ ನಡೆದದ್ದು ಎರಡು ಡಸ್ಟರ್‌ಗಳ ಮೇಲೆ. ಒಂದರಿಂದ ನಾನು ಕಪ್ಪುಹಲಗೆ ಒರೆಸುತ್ತಿದ್ದೆ. ಇನ್ನೊಂದನ್ನು ಅವನು ದಿನಾ ಒರೆಸುತ್ತಿದ್ದ. ಎಪ್ಪತ್ತನೇ ಇಸವಿಯ ಡಸ್ಟರ್ ಕಾರು, ಹಳದಿ ಮೈ, ಕಪ್ಪು ಪಟ್ಟೆ, ಕಣಜದ ಬಣ್ಣ, ಕಣಜದ್ದೇ ಸ್ವಭಾವ. ಬೇಸಿಗೆಯ ಸಂಜೆಗಳಲ್ಲಿ ವುಡ್‌ವರ್ಡ್ ರಸ್ತೆಗೆ ಅದು ಇಳಿದರೆ ಪಕ್ಕದ ಕಾರಿನವರು ರೇಡಿಯೋ ತಗ್ಗಿಸುತ್ತಿದ್ದರು. ಎರಡು ವರ್ಷದ ಹಿಂದೆ ಅದೇ ರಸ್ತೆಯಲ್ಲಿ ಎಂಜಿನ್ನಿನೊಳಗಿನ ರಾಡು ಕಿತ್ತು, ಬ್ಲಾಕಿನ ಪಕ್ಕೆಯನ್ನೇ ಸೀಳಿಕೊಂಡು ಹೊರಗೆ ಬಂತು. ಅಂದಿನಿಂದ ಕಾರು ನಮ್ಮ ಗ್ಯಾರೇಜಿನಲ್ಲಿ ಹಲ್ಲಿಲ್ಲದ ಬಾಯಿ ತೆರೆದು ಕುಳಿತಿತ್ತು. ಒರೆಸುವುದು ಮಾತ್ರ ನಿಲ್ಲಲಿಲ್ಲ.

ಈ ವರ್ಷ ಮಾತ್ರ ಅವನಿಗೆ ತಡೆಯಲಾರದ ಅವಸರ. ಕಾರಣ ಅವನ ಕಣ್ಣು. ಅದನ್ನು ಅವನು ನನಗೆ ಹೇಳಿರಲಿಲ್ಲ. ತನ್ನ ತಮ್ಮನಿಗೆ ಫೋನಿನಲ್ಲಿ ಪಿಸುಗುಟ್ಟಿದ್ದನ್ನು ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದೆ. ಎರಡೂ ಕಣ್ಣಿನ ನಡುಮಧ್ಯದಲ್ಲಿ ಮಸುಕು ಕಲೆ. ನೇರ ನೋಡಿದರೆ ನೋಡಿದ್ದೇ ಮಾಯ. ಮುಖ ತಿರುಗಿಸಿ ಓರೆಯಾಗಿ ನೋಡಿದರೆ ಅಷ್ಟಿಷ್ಟು ಕಾಣುತ್ತದೆ. ಸೆಪ್ಟೆಂಬರಿನಲ್ಲಿ ಲೈಸೆನ್ಸಿನ ನವೀಕರಣ, ಅದಕ್ಕೆ ಮುಂಚೆ ಕಣ್ಣಿನ ಪರೀಕ್ಷೆ. ಪಾಸಾಗುವ ಮಾತೇ ಇಲ್ಲ. ಇನ್ನೊಂದೇ ಬೇಸಿಗೆ, ಅದನ್ನು ಡಸ್ಟರ್‌ನ ಸ್ಟಿಯರಿಂಗ್ ಹಿಡಿದು ಕಳೆಯಬೇಕು ಎಂದು ಅವನು ತಮ್ಮನಿಗೆ ಹೇಳಿದ್ದ. ತಪ್ಪು ಎಂಜಿನ್ ತಂದರೆ ಅದನ್ನು ಕೂರಿಸಿ, ಬೈದು, ಇಳಿಸುವುದರಲ್ಲೇ ಬೇಸಿಗೆ ಮುಗಿಯುತ್ತದೆ.

ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಅವನ ಬೇಸಿಗೆ ಹೋಗುತ್ತದೆ, ಹೇಳದಿದ್ದರೆ ಯಾರ ಜೀವವೋ ಹೋದೀತು. ಎರಡರ ನಡುವೆ ನಾನು ಹಿಡಿದದ್ದು ಹೇಡಿಯ ದಾರಿ. ಅವನು ಪಿಕಪ್ ಓಡಿಸುವಾಗ ಪಕ್ಕದಲ್ಲಿ ಕುಳಿತು ರಸ್ತೆಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದತೊಡಗಿದೆ. ಸುಮ್ಮನೆ ಓದಿದರೆ ಅನುಮಾನ ಬರುತ್ತದೆಂದು ದನಿ ಬದಲಿಸಿ ಓದಿದೆ. ವೇಗಮಿತಿಯನ್ನು ಬಿಷಪ್ಪರ ಮೂಗಿನ ದನಿಯಲ್ಲಿ, ತಿರುವನ್ನು ಹವಾಮಾನ ಹೇಳುವ ರೇಡಿಯೋದವನ ಉಲ್ಲಾಸದಲ್ಲಿ, ಕೆಂಪು ದೀಪವನ್ನು ಸತ್ತುಹೋದ ನನ್ನ ಅತ್ತೆಯ ಗದರಿಕೆಯಲ್ಲಿ. ಅತ್ತೆಯ ದನಿ ಕೇಳಿದರೆ ಅವನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ವಯಸ್ಸಾದ ಮೇಲೆ ನಿನಗೆ ನಾಟಕದ ಹುಚ್ಚು ಹೆಚ್ಚಾಗಿದೆ ಎಂದು ಅವನು ಒಂದು ಸಲ ಅಂದ. ಅಂದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ನನ್ನನ್ನು ನೋಡಿದ.

ಎಂಜಿನ್ ಹುಡುಕಾಟ ಡೆಲ್ಬರ್ಟ್ ಎಂಬವನ ಅಂಗಳದಿಂದ ಶುರುವಾಯಿತು. ಅವನದು ನಾನೂರ ನಲವತ್ತು. ನಮ್ಮವರು ಎಂಜಿನ್‌ಗಳನ್ನು ಕರೆಯುವುದು ಅವುಗಳ ಹೊಟ್ಟೆಯ ಅಳತೆಯಿಂದ. ಡಸ್ಟರ್‌ಗೆ ಹುಟ್ಟಾ ಇದ್ದದ್ದು ಮುನ್ನೂರ ನಲವತ್ತು. ಇದು ಅದರ ದೊಡ್ಡಪ್ಪ, ಒಳಗೇ ಮಲಗಿ ಪ್ರವಾಸ ಹೋಗುವ ಯಾವುದೋ ಮನೆಗಾಡಿಯಿಂದ ಕಳಚಿದ್ದು. ಡೆಲ್ಬರ್ಟ್ ಜೇನಿನಲ್ಲಿ ಅದ್ದಿದ ಮಾತಿನವನು. ಬೆಲೆಗೆ ಬಂದಾಗಲೆಲ್ಲ ಅವನ ದನಿ ಮಗುವಿಗೆ ಜೋಗುಳ ಹಾಡುವಷ್ಟು ಇಳಿಯುತ್ತಿತ್ತು. ಇಷ್ಟು ಭಾರ ಮೂಗಿನ ಮೇಲೆ ಹೊತ್ತ ಕಾರು ನೇರ ಓಡೀತು, ತಿರುಗಲಾರದು ಎಂಬುದು ಕ್ಯಾಸಿಮಿರನ ಮೊದಲ ತಕರಾರು. ಎರಡನೆಯದನ್ನು ಅವನು ಬೆರಳಿನಿಂದ ಕಂಡುಹಿಡಿದ. ಹೊಸ ಕಿತ್ತಳೆ ಬಣ್ಣವನ್ನು ಬೋಲ್ಟು, ತುಕ್ಕು, ಕೊಳೆ ಎಲ್ಲದರ ಮೇಲೂ ಒಂದೇ ಸಮ ಬಳಿದಿದ್ದರು. ಮದುಮಗಳಿಗೆ ಇಷ್ಟು ಬಣ್ಣ ಹಚ್ಚಿದರೆ ಮೊದಲು ವಯಸ್ಸು ಕೇಳಬೇಕು ಅಂದ. ಡೆಲ್ಬರ್ಟ್ ನಗುತ್ತಿದ್ದ, ಅವನು ನಗುವುದು ಯಾಕೆ ಎಂದು ಕ್ಯಾಸಿಮಿರ್ ಮನೆಯವರೆಗೂ ಯೋಚಿಸಿದ.

ಹೊಸ ಎಂಜಿನ್ ತರಿಸಿಬಿಡು, ಮರದ ಪೆಟ್ಟಿಗೆಯಲ್ಲಿ ಗ್ಯಾರಂಟಿ ಸಮೇತ ಮನೆಗೇ ಬರುತ್ತದೆ ಎಂದು ನಾನು ಸೂಚಿಸಿದೆ. ಅವನು ಫೋರ್ಕು ಕೆಳಗಿಟ್ಟ.

"ಪೆಟ್ಟಿಗೇಲಿ ಮನೆಗೆ ಬರೋದು ಹೆಣ ಕಣೇ, ಎಂಜಿನ್ನಲ್ಲ."

ಆಮೇಲೆ ಪತ್ರಿಕೆಯಲ್ಲಿ ಒಂದು ಜಾಹೀರಾತು ಸಿಕ್ಕಿತು. ಮುನ್ನೂರ ನಲವತ್ತು, ಯಜಮಾನರದ್ದು, ರೇಸಿಗೆ ಓಡಿಸಿಲ್ಲ. ಓದಿ ಹೇಳಿದವಳು ನಾನು. ಕನ್ನಡಕ ಎಲ್ಲೋ ಇಟ್ಟಿದ್ದೇನೆ ಎಂಬ ನೆಪ ಅವನದು. ಓಡಿಸಿಲ್ಲ ಎಂದು ಕೇಳದೆಯೇ ಹೇಳಿದ್ದಾರೆಂದರೆ ಓಡಿಸಿದ್ದಾರೆ ಎಂದು ತೀರ್ಮಾನಿಸಿ, ಶನಿವಾರ ಹೊರಡು ಅಂದ.

ಮಾರುವವಳು ಇರ್ಮಾ ಹೌಟಲಾ, ಫಿನ್ಲೆಂಡ್ ಮೂಲದ ವಿಧವೆ. ಹ್ಯೂರನ್ ಸರೋವರದ ದಡದ ಹಳ್ಳಿಯಲ್ಲಿ ಒಂಟಿ ಮನೆ, ಪಕ್ಕದಲ್ಲಿ ಹಬೆಸ್ನಾನದ ಕೋಣೆ, ಅದಕ್ಕೆ ಅಂಟಿಕೊಂಡು ಗ್ಯಾರೇಜು. ಏಪ್ರಿಲ್ ಬಂದಿದ್ದರೂ ಚರಂಡಿಯಲ್ಲಿ ಮಂಜುಗಡ್ಡೆ ಉಳಿದಿತ್ತು. ಎತ್ತರದ ಹೆಂಗಸು, ಮಾತುಗಳನ್ನು ಒಂದೊಂದಾಗಿ, ತೂಗಿ, ವಾಪಸು ತೆಗೆದುಕೊಳ್ಳಬಹುದೇ ಎಂದು ನೋಡಿ ಕೊಡುವವಳು. ಕಬ್ಬಿಣದ ಚೌಕಟ್ಟಿನ ಮೇಲೆ ಎಂಜಿನ್ ಕುಳಿತಿತ್ತು. ಅಲ್ಲೇ ಓಡಿಸಿ ತೋರಿಸಲು ಅನುಕೂಲವಾಗುವಂತೆ ಅವಳ ಗಂಡ ಟೋಯ್ವೋ ಬದುಕಿದ್ದಾಗಲೇ ಮುಂದೊಂದು ರೇಡಿಯೇಟರ್, ಕೆಳಗೆ ಬ್ಯಾಟರಿ, ಪಕ್ಕಕ್ಕೆ ಪೆಟ್ರೋಲಿನ ಡಬ್ಬಿ ಕಟ್ಟಿಟ್ಟಿದ್ದ. ಅವಳು ಎಂಜಿನ್ ಹಚ್ಚುವ ಗುಂಡಿಗೆ ಕೈಹಾಕುವ ಮೊದಲೇ ಕ್ಯಾಸಿಮಿರ್ ತನ್ನ ಅಂಗೈಯನ್ನು ಕಬ್ಬಿಣದ ಮೇಲಿಟ್ಟ. ಇಟ್ಟು, ಹಾಗೇ ತೆಗೆದು, ಪ್ಯಾಂಟಿಗೆ ಒರೆಸಿಕೊಂಡ.

ಎಂಜಿನ್ ಅರ್ಧ ಸುತ್ತಿಗೇ ಹೊತ್ತಿಕೊಂಡಿತು. ದರ್ಜಿಯ ಮಿಷನ್ನಿನ ಹಾಗೆ ಒಂದೇ ಸಮ, ಒಂದು ಅಪಸ್ವರವಿಲ್ಲ. ನನ್ನ ಎದೆ ಅರಳಿತು. ಅವನು ಕೇಳುತ್ತಲೇ ಇರಲಿಲ್ಲ. ಯೋಚಿಸಿ ಹೇಳುತ್ತೇವೆ ಎಂದು ಇರ್ಮಾಳ ಕಿವಿಯ ಕಡೆ ನೋಡಿ ಹೇಳಿ ಪಿಕಪ್ಪಿಗೆ ನಡೆದ. ಇವನು ಮುಖ ಕೊಟ್ಟು ಮಾತಾಡುವವನಲ್ಲ ಎಂದು ಅವಳು ಮನಸ್ಸಿನಲ್ಲಿ ಬರೆದುಕೊಂಡದ್ದು ನನಗೆ ಕಾಣಿಸಿತು.

"ಬೆಚ್ಚಗಿತ್ತು," ಅಂದ ದಾರಿಯಲ್ಲಿ.

ಏನು ಹಾಗೆಂದರೆ ಎಂದೆ.

"ನಾವು ಬರೋಕೆ ಮುಂಚೆ ಓಡಿಸಿ ಕಾಯಿಸಿಟ್ಟಿದಾಳೆ. ಎಂಜಿನ್ ಕೊಳ್ಳೋಕೆ ಬರ್ತಾರೆ ಅಂದ್ರೆ ಅದನ್ನ ತಣ್ಣಗೆ ಬಿಟ್ಟಿರಬೇಕು. ತಣ್ಣಗಿದ್ದಾಗ ಹೊರಡೋ ಸದ್ದೇ ಸತ್ಯ. ಮರ್ಯಾದಸ್ಥರು ಯಾರೂ ಕಾಯಿಸಿಡಲ್ಲ."

ಮರ್ಯಾದಸ್ಥರು ಮಾತ್ರ ಕಾಫಿ ಕಾಯಿಸಿಡುತ್ತಾರೆ, ನಮಗೆ ಎರಡೆರಡು ಲೋಟ ಕೊಟ್ಟಳಲ್ಲ ಎಂದು ನಾನು ವಾದ ಹೂಡಿದೆ. ಅದೂ ಒಂದು ಅನುಮಾನದ ವಿಷಯವೇ ಎಂದ. ಅಷ್ಟರಲ್ಲಿ ಅತ್ತೆಯ ದನಿಯಲ್ಲಿ ಕೆಂಪು ದೀಪ ಬಂತು.

ಆಮೇಲೆ ನಾವು ನೋಡಿದ ಎಂಜಿನ್‌ಗಳು ಅನೇಕ. ಒಂದರ ಹೊಟ್ಟೆಯಲ್ಲಿ ಇಲಿ ಸಂಸಾರ ಹೂಡಿತ್ತು. ಒಂದನ್ನು ಮುನ್ನೂರ ನಲವತ್ತು ಎಂದು ತೋರಿಸಿದರು; ಕ್ಯಾಸಿಮಿರ್ ಬ್ಲಾಕಿನ ಪಕ್ಕೆಯ ಉಬ್ಬಕ್ಷರವನ್ನು ಬೆರಳಿನಿಂದ ಸವರಿ ಅದು ಬಡ ತಮ್ಮ ಮುನ್ನೂರ ಹದಿನೆಂಟು ಎಂದು ಓದಿದ. ಮೇ ತಿಂಗಳು ಜಾರುತ್ತಿತ್ತು. ರಾತ್ರಿ ಊಟಕ್ಕೆ ಕುಳಿತರೆ ಅವನು ಸಾಸೇಜು ಬಿಟ್ಟು ತಟ್ಟೆಯ ಖಾಲಿ ಜಾಗಕ್ಕೆ ಫೋರ್ಕು ಚುಚ್ಚುತ್ತಿದ್ದ. ನಾನು ಮಾತಾಡುತ್ತಲೇ ತಟ್ಟೆಯನ್ನು ತಿರುಗಿಸಿಡುತ್ತಿದ್ದೆ. ಕೊನೆಗೆ ಒಂದು ದಿನ, ಆ ಫಿನ್ಲೆಂಡಿನವಳಿಗೆ ಫೋನು ಮಾಡು, ಬರುತ್ತೇವೆ ಎಂದಷ್ಟೇ ಹೇಳು ಅಂದ. ಅಷ್ಟೇ ಹೇಳಿದೆ. ಅದೇ ತಪ್ಪಾಯಿತು.

ಹೋಗಿ ನೋಡಿದರೆ ಎಂಜಿನ್ ಮತ್ತೆ ಬೆಚ್ಚಗಿತ್ತು.

ಈ ಸಲ ಅವನು ಸುಮ್ಮನಿರಲಿಲ್ಲ. ಯಾಕೆ ಕಾಯಿಸಿದಿರಿ ಎಂದು ನೇರವಾಗಿಯೇ ಕೇಳಿದ, ನೋಟ ಮಾತ್ರ ಗೋಡೆಯ ಮೇಲಿನ ಗರಗಸದ ಕಡೆಗೆ. ಇರ್ಮಾಳ ಕೆನ್ನೆ ಬಿಗಿಯಿತು. ಕಳೆದ ತಿಂಗಳು ಎಂಜಿನ್ ನೋಡಲು ಬಂದ ಬೇರೆ ಯಾರೋ ಇಬ್ಬರು ಹೊರಟುಹೋದ ಮೇಲೆ ಟೋಯ್ವೋನ ಕಾರ್ಬ್ಯುರೇಟರ್ ಕಪಾಟಿನಿಂದ ಕಾಣೆಯಾಗಿತ್ತಂತೆ. ಕೊಳ್ಳದೆ ಎರಡನೇ ಸಲ ಬರುವವರು, ಮುಖ ತಪ್ಪಿಸಿ ಕಪಾಟನ್ನೇ ನೋಡುವವರು ಎಂಥವರೆಂದು ತನಗೂ ಗೊತ್ತು ಎಂದಳು. ಅವಳೂ ಅವನೂ ಒಬ್ಬರನ್ನೊಬ್ಬರು ಕಳ್ಳರೆಂದು, ಬಹುವಚನದಲ್ಲೇ, ಬಹಳ ಹೊತ್ತು ಹೇಳಿಕೊಂಡರು. ತಣ್ಣಗಿರುವಾಗ ಒಮ್ಮೆ ಕೇಳಬೇಕು, ಅಷ್ಟೇ ನನ್ನ ಬೇಡಿಕೆ ಎಂದ ಕ್ಯಾಸಿಮಿರ್.

"ಹಾಗಾದ್ರೆ ಕೂತ್ಕೊಳ್ಳಿ," ಎಂದಳು ಇರ್ಮಾ. "ತಣ್ಣಗಾಗೋ ತನಕ ಇಲ್ಲೇ ಕೂತ್ಕೊಳ್ಳಿ, ನಾನೂ ಕೂತಿರ್ತೀನಿ. ನಾನು ಕದ್ದು ಕಾಯಿಸಿದೆ ಅಂತ ನೀವು ಅನ್ನಬಾರದು. ನೀವೇನೋ ಬಿಚ್ಚಿ ಜೇಬಿಗೆ ಹಾಕ್ಕೊಂಡ್ರಿ ಅಂತ ನಾನೂ ಅನ್ನಬಾರದು."

ಅಷ್ಟು ದಪ್ಪದ ಎರಕದ ಕಬ್ಬಿಣ ತಣ್ಣಗಾಗುವುದೆಂದರೆ ಏನು ಎಂದು ಆ ದಿನ ತಿಳಿಯಿತು. ಬೆಳಿಗ್ಗೆ ಮೂರು ಕುರ್ಚಿ ಹಾಕಿಕೊಂಡು ಅದರ ಸುತ್ತ ಕುಳಿತವರು, ಶವದ ಪಕ್ಕ ಜಾಗರಣೆ ಕುಳಿತ ನೆಂಟರ ಹಾಗೆ, ಕುಳಿತೇ ಇದ್ದೆವು. ಕ್ಯಾಸಿಮಿರ್ ಆಗಾಗ ಎದ್ದು ಅದರ ಮೇಲೆ ಅಂಗೈಯಿಟ್ಟು, ಜ್ವರ ಇಳಿದಿಲ್ಲ ಎಂಬಂತೆ ತಲೆಯಾಡಿಸುತ್ತಿದ್ದ. ಅವನು ಎದ್ದಾಗಲೆಲ್ಲ ಇರ್ಮಾ ಗೋಡೆಯ ಸ್ಪ್ಯಾನರುಗಳ ಮೇಲೆ ಕಣ್ಣಾಡಿಸುತ್ತಿದ್ದಳು. ಅವಳು ಕಾಫಿ ತರಲು ಒಳಹೋದರೆ ಅವನು ಪೆಟ್ರೋಲಿನ ಡಬ್ಬಿಯನ್ನು ತನ್ನ ಕಾಲ ಬಳಿ ಎಳೆದಿಟ್ಟುಕೊಳ್ಳುತ್ತಿದ್ದ. ಬಚ್ಚಲಿಗೆ ಹೋಗಬೇಕಾದವರು ನನ್ನನ್ನು ಸಾಕ್ಷಿಯಾಗಿ ಕೂರಿಸಿ ಹೋಗುತ್ತಿದ್ದರು. ಇಬ್ಬರಿಗೂ ನನ್ನ ಮೇಲೆ ಪೂರ್ತಿ ನಂಬಿಕೆಯಿರಲಿಲ್ಲ.

ಏಲಕ್ಕಿ ಹಾಕಿದ ಬ್ರೆಡ್ಡು ಬಂತು, ಹೊಗೆಯಲ್ಲಿ ಒಣಗಿಸಿದ ಮೀನು ಬಂತು. ಕ್ಯಾಸಿಮಿರ್ ಮೂಸಿ ತಿಂದ. ಮೌನ ತಾಳಲಾರದೆ ನಾನು ಡೆಲ್ಬರ್ಟ್‌ನ ಜೋಗುಳವನ್ನು ಆಡಿ ತೋರಿಸಿದೆ. ಇರ್ಮಾಳ ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಆ ಒಂದು ಕೊನೆ ಸಾಕಾಯಿತು. ಅವಳು ನಿಧಾನವಾಗಿ ಹೇಳಿದಳು. ಶನಿವಾರ ಅವರಲ್ಲಿ ಹಬೆಸ್ನಾನದ ದಿನ. ಒಲೆಗೆ ಕಟ್ಟಿಗೆ ಹಾಕಿದ ಕೈಯಲ್ಲೇ ಟೋಯ್ವೋ ಎಂಜಿನ್ನನ್ನೂ ಒಂದಿಷ್ಟು ಹೊತ್ತು ಓಡಿಸುತ್ತಿದ್ದ, ಓಡಿಸದೆ ಬಿಟ್ಟರೆ ಒಳಗೆ ಬಿಗಿದುಕೊಂಡೀತು ಎಂದು. ಅವನು ಹೋದ ಮೇಲೂ ಅವಳು ಅದನ್ನು ತಪ್ಪಿಸಿಲ್ಲ. ನಾವು ಬರುತ್ತೇವೆ ಎಂದಾಗ ಬೆಳಿಗ್ಗೆಯೇ ಎದ್ದು ಬ್ರೆಡ್ಡು ಬಿಸಿ ಮಾಡಿದಳು, ಕಾಫಿ ಬಿಸಿ ಮಾಡಿದಳು, ಎಂಜಿನ್ನನ್ನೂ ಬಿಸಿ ಮಾಡಿದಳು.

"ಅಷ್ಟು ದೂರದಿಂದ ಬಂದೋರ ಮುಂದೆ ತಣ್ಣಗಿರೋದನ್ನ ಯಾರಾದ್ರೂ ಇಡ್ತಾರಾ?"

ಕ್ಯಾಸಿಮಿರ್ ಎದ್ದು ಅಂಗೈಯಿಟ್ಟು ನೋಡಿ ಬಂದ.

ಸಂಜೆಯ ಬಿಸಿಲು ಗ್ಯಾರೇಜಿನೊಳಕ್ಕೆ ಓರೆಯಾಗಿ ಬಿದ್ದಾಗ, ಸಾಕು, ಈಗ ಹಚ್ಚಿ ಎಂದ. ಇರ್ಮಾ ಗುಂಡಿ ಒತ್ತಿದಳು. ಎಂಜಿನ್ ಎರಡು ಸಲ ಗೊಣಗಿ ಹೊತ್ತಿಕೊಂಡಿತು. ಅದರ ಜೊತೆಗೇ ಕೇಳಿಸಿತು: ಟಕ್, ಟಕ್, ಟಕ್. ಎಡಗಡೆಯಲ್ಲಿ ಯಾರೋ ಒಳಗಿನಿಂದ ಬಾಗಿಲು ಬಡಿಯುತ್ತಿದ್ದ ಹಾಗೆ. ನನಗೇ ಕೇಳಿಸಿತೆಂದರೆ ಅವನಿಗೆ ಸಿಡಿಲೇ ಕೇಳಿಸಿರಬೇಕು. ತಾನು ಅಂದದ್ದು ಸರಿಯಾಯಿತೆಂಬ ಗೆಲುವು ಅವನ ಮುಖದ ಮೇಲೆ ಏರಿತು, ಏರಿದಷ್ಟೇ ಬೇಗ ಇಳಿಯಿತು. ಗೆದ್ದರೆ ಬೇಸಿಗೆ ಹೋಯಿತಲ್ಲ.

"ಅದು ಬೆಳಗಿನ ಕೆಮ್ಮು," ಎಂದಳು ಇರ್ಮಾ, ಚೂರೂ ಅಳುಕದೆ. "ಟೋಯ್ವೋಗೂ ಇತ್ತು. ಕಾಫಿ ಇಳಿದ ಮೇಲೆ ಹೋಗ್ತಿತ್ತು."

ಕ್ಯಾಸಿಮಿರ್ ಪೊರಕೆಯ ಹಿಡಿಯ ಒಂದು ತುದಿಯನ್ನು ಕಬ್ಬಿಣಕ್ಕೆ, ಇನ್ನೊಂದನ್ನು ಕಿವಿಗೆ ಒತ್ತಿಕೊಂಡು, ವೈದ್ಯರ ಹಾಗೆ ಜಾಗ ಬದಲಿಸುತ್ತ ಬಗ್ಗಿ ನಿಂತ. ಆಮೇಲೆ ನನಗೆ ಬಿಡಿಸಿ ಹೇಳಿದ. ಆ ಸದ್ದಿಗೆ ಇಬ್ಬರು ತಂದೆಯರಿರಬಹುದು. ಕೆಳಗಿನ ಬೇರಿಂಗು ಸವೆದಿದ್ದರೆ ಅದು ಸಾವಿನ ಸದ್ದು. ಕಾದಂತೆ ಎಣ್ಣೆ ತೆಳುವಾಗಿ ಬಡಿತ ಇನ್ನೂ ಏರುತ್ತದೆ. ಹಾಗಲ್ಲದೆ, ಒಳ್ಳೆಯ ಎಂಜಿನ್‌ಗೆ ಹಾಕುವ ಬಡಿದು ಮಾಡಿದ ಗಟ್ಟಿ ಪಿಸ್ಟನ್ನಿನದೂ ಆಗಿರಬಹುದು. ತಣ್ಣಗಿದ್ದಾಗ ಅದು ತನ್ನ ಗೂಡಿನಲ್ಲಿ ಕೊಂಚ ಸಡಿಲ, ಅಲುಗಾಡುತ್ತದೆ. ಕಾದಂತೆ ಹಿಗ್ಗಿ ಗೂಡು ತುಂಬುತ್ತದೆ, ಸದ್ದು ಸಾಯುತ್ತದೆ. ಮೂವರೂ ಬಾಗಿಲ ಬಡಿತವನ್ನೇ ಕೇಳುತ್ತ ನಿಂತೆವು. ಅದು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಒಳಗಿದ್ದವರು ಬೇಸತ್ತು ಹೊರಟುಹೋದ ಹಾಗೆ ನಿಂತಿತು. ಉಳಿದದ್ದು ದರ್ಜಿಯ ಮಿಷನ್ನು.

ಹಾಗಾದರೆ ಮೊದಲ ದಿನ ಬೆಚ್ಚಗಿದ್ದು ಮೌನವಾಗಿ ಓಡಿದ್ದೇ ಒಳ್ಳೆಯ ಸಾಕ್ಷಿಯಾಗಿತ್ತಲ್ಲ ಎಂದು ನಾನು ಕೇಳಿದೆ. ಅಂದು ಕೈ ಇಟ್ಟೆ, ಕಿವಿ ಇಡಲಿಲ್ಲ ಎಂದು ಒಪ್ಪಿಕೊಂಡ. ಆದರೂ ಅವನೊಳಗಿನ ತಪಾಸಣೆಯವನು ಮನೆಗೆ ಹೋಗಿರಲಿಲ್ಲ. ಗಂಜಿಯಂಥ ದಪ್ಪ ಎಣ್ಣೆ ಸುರಿದು ಬೇರಿಂಗಿನ ಬಾಯಿ ಮುಚ್ಚಿಸುವವರೂ ಇದ್ದಾರೆ ಎಂದ. ಇರ್ಮಾ ಎಂಜಿನ್ ನಿಲ್ಲಿಸಿ, ಒಂದು ಬಿಳಿ ಬೋಗುಣಿಯನ್ನೂ ಸ್ಪ್ಯಾನರನ್ನೂ ತಂದು ಅವನ ಮುಂದಿಟ್ಟಳು.

ಎಣ್ಣೆ ತೆಳ್ಳಗೆ, ಜೇನಿನ ಬಣ್ಣದಲ್ಲಿ ಇಳಿಯಿತು. ಅವನು ಅದನ್ನು ಬೆರಳುಗಳ ನಡುವೆ ಉಜ್ಜಿದ, ಮೂಸಿದ. ಇನ್ನು ಒಂದೇ ಬಾಕಿ. ಬೇರಿಂಗು ಸವೆದಿದ್ದರೆ ಎಣ್ಣೆಯಲ್ಲಿ ಲೋಹದ ಹುಡಿ ಮಿನುಗುತ್ತದೆ. ಬೋಗುಣಿಯನ್ನು ಬೆಳಕಿಗೆ ಎತ್ತಿ ತಲೆಯನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ದೂರ ಹಿಡಿದ, ಹತ್ತಿರ ತಂದ. ಕೊನೆಗೆ ಅದನ್ನು ನನ್ನ ಕಡೆ ಚಾಚಿದ.

"ಬರ್ನಿಸ್, ನೀನೇ ನೋಡು. ಮಿನುಗು ಇದೆಯಾ?"

ಇಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ. ಅವನು ತಲೆಯಾಡಿಸಿ, ಕೊಂಡೆವು ಎಂದು ಕೈ ಚಾಚಿದ. ಕೈಕುಲುಕಬೇಕಾದ ಇರ್ಮಾ ತನ್ನೆರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಬೆಳಗಿನಿಂದ ಒಂದು ಲೋಟ ಕಾಫಿಯನ್ನೂ ಮೂಸದೆ ಕುಡಿಯದ ಮನುಷ್ಯ ಕೊನೆಯ ಪರೀಕ್ಷೆಯನ್ನು ಹೆಂಡತಿಯ ಕಣ್ಣಿಗೆ ಬಿಟ್ಟದ್ದನ್ನು ಅವಳು ನೋಡಿದ್ದಳು.

"ನಮ್ಮಮ್ಮನೂ ಕೊನೆಕೊನೆಗೆ ನಮ್ಮನ್ನ ಹೀಗೇ ನೋಡ್ತಿದ್ದಳು," ಎಂದಳು. "ಕಿವಿ ತೋರಿಸಿಕೊಂಡು. ನಾನು ನಿಮ್ಮನ್ನ ಕಳ್ಳ ಅಂದ್ಕೊಂಡೆ, ತಪ್ಪಾಯ್ತು. ಆದ್ರೆ ಕಳ್ಳನಾಗಿದ್ರೇ ವಾಸಿಯಿತ್ತು, ಎಂಜಿನ್ ಕೊಟ್ಟುಬಿಡ್ತಿದ್ದೆ. ಈಗ ಹೇಳಿ. ಆ ಕಾರನ್ನ ಓಡಿಸೋರು ಯಾರು?"

ಗ್ಯಾರೇಜಿನಲ್ಲಿ ಎಣ್ಣೆಯ ಕೊನೆಯ ಹನಿಗಳು ನೆಲಕ್ಕೆ ಬೀಳುತ್ತಿದ್ದವು. ಅವನು ಸುಳ್ಳು ಹೇಳುತ್ತಾನೆ ಎಂದುಕೊಂಡೆ. ನನಗಾಗಿ ಎಷ್ಟೋ ಸುಳ್ಳು ತಯಾರಿಸಿಟ್ಟಿದ್ದವನು. ಅವನು ನಿಧಾನವಾಗಿ ಮುಖವನ್ನು ಬಾಗಿಲ ಕಡೆ ತಿರುಗಿಸಿದ, ಎಂದರೆ ನನ್ನನ್ನು ನೋಡಿದ.

"ನಿಂಗೆ ಗೊತ್ತಿತ್ತು."

"ಹೂಂ."

"ಅದಕ್ಕೇ ಬೋರ್ಡು ಓದ್ತಿದ್ದೆ."

"ಹೂಂ."

"ನಂಗೆ ಅನುಮಾನ ಇತ್ತು," ಅಂದ.

ಎಂಜಿನ್ನಿನ ಮೇಲೆ ಕೈಯಿಟ್ಟ. ಈಗ ಅದು ಮತ್ತೆ ಬೆಚ್ಚಗಿತ್ತು. ತಾನೇ ಓಡಿಸಬೇಕೆಂದರೆ ಬಿಟ್ಟುಹೋಗಬೇಕು, ಎಂಜಿನ್ ಬೇಕೆಂದರೆ ಸ್ಟಿಯರಿಂಗ್ ಬಿಡಬೇಕು. ಇದಕ್ಕಿಂತ ಒಳ್ಳೆಯ ಎಂಜಿನ್ ಸಿಗುವುದಿಲ್ಲವೆಂದು ಅವನ ಕಿವಿಗೆ ಗೊತ್ತು. ಆಮೇಲೆ ಪಿಕಪ್ಪಿನ ಕೀಲಿಕೈಯನ್ನು ಜೇಬಿನಿಂದ ತೆಗೆದು, ನನ್ನ ಕೈ ಎಲ್ಲಿದೆಯೆಂದು ಕೈಯಿಂದಲೇ ಹುಡುಕಿ, ಅದರಲ್ಲಿಟ್ಟ.

"ಇವಳು ಓಡಿಸ್ತಾಳೆ. ಇವತ್ತಿಂದಾನೇ."

ಇರ್ಮಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನೂ ಮಾರಾಟಕ್ಕಿದ್ದೆನೋ ಎಂಬ ಹಾಗೆ ನೋಡಿದಳು. ನಾಲ್ಕು ಗೇರಿನ ಕಾರು, ಕ್ಲಚ್ಚು ತುಳಿದು ಗೊತ್ತೇ ಎಂದು ಕೇಳಿದಳು. ಗೊತ್ತಿಲ್ಲ, ಕ್ಲಚ್ಚಿಲ್ಲದ ನಮ್ಮ ಪಿಕಪ್ ಓಡಿಸಬಲ್ಲೆ, ಇದನ್ನು ಕಲಿಯುತ್ತೇನೆ ಎಂದೆ. ಕ್ಯಾಸಿಮಿರ್ ನಡುವೆ ಬಾಯಿ ಹಾಕಿದ.

"ಮಾತು ಚೆನ್ನಾಗಿ ಕಲೀತಾಳೆ. ಗೇರಿನ ವಿಷಯ ನಂಗೂ ಅನುಮಾನವೇ."

ಅವಳು ಆಗ ಕೈಕುಲುಕಿದಳು, ಅವನದಲ್ಲ, ನನ್ನದು. ಎಂಜಿನ್ನನ್ನು ಗ್ಯಾರೇಜಿನ ರಾಟೆಯಿಂದ ಪಿಕಪ್ಪಿಗೆ ಏರಿಸಿ ಹಗ್ಗ ಬಿಗಿದದ್ದಾಯಿತು. ಅವನು ಜೀವನದಲ್ಲಿ ಮೊದಲ ಸಲ ತನ್ನ ಗಾಡಿಯ ಬಲಗಡೆಗೆ, ಓಡಿಸದವರು ಕೂರುವ ಬದಿಯ ಬಾಗಿಲಿಗೆ ನಡೆದ. ಬಾಗಿಲ ಹಿಡಿ ಕೈಗೆ ಸಿಗಲಿಲ್ಲ, ಇರ್ಮಾ ತೆಗೆದುಕೊಟ್ಟಳು. ನಾನು ಓಡಿಸುವವರ ಸೀಟನ್ನು ಸ್ಟಿಯರಿಂಗಿನ ಹತ್ತಿರ ಎಳೆದುಕೊಂಡೆ, ಕನ್ನಡಿ ತಿರುಗಿಸಿದೆ, ಕೀಲಿ ಹಾಕಿದೆ. ಅವನು ಬೆಲ್ಟು ಬಿಗಿದು, ಇನ್ನೊಮ್ಮೆ ಎಳೆದು ನೋಡಿ, ಎರಡೂ ಕೈಗಳಿಂದ ಸೀಟನ್ನು ಹಿಡಿದುಕೊಂಡ.

"ಹ್ಯಾಂಡ್ ಬ್ರೇಕು," ಅಂದ.

ಆಗಲೇ ಬಿಟ್ಟಿದ್ದೇನೆ ಎಂದೆ. ಅವನು ನಂಬಲಿಲ್ಲ. ಕೈ ಚಾಚಿ ಮುಟ್ಟಿ ನೋಡಿದ, ಆಮೇಲೆ ಹೊರಡು ಎಂದ.